ಹಲ್ಲಿ ಇಲ್ಲದ ಮನೆ

ಅಣ್ಣನ ಮಗನಿಗೆ ಹೆಣ್ಣು ಗೊತ್ತಾದ ವಾರವೇ ನಾನು ಕುಂಬಾರರ ಓಣಿಯ ಕೊನೆಯ ಮನೆಗೆ ಬಂದುಬಿಟ್ಟೆ. ಯಾರೂ ಹೋಗು ಎನ್ನಲಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಒಂಬತ್ತು ವರ್ಷ ಅಣ್ಣನ ಮನೆಯ ಪಡಸಾಲೆಯಲ್ಲಿ ಮಲಗಿದವನು ನಾನು. ಹೊಸ ಸೊಸೆ ಬೆಳಿಗ್ಗೆ ಎದ್ದು ಓಡಾಡುವ ಜಾಗದಲ್ಲಿ ಗಂಡಸೊಬ್ಬ ಚಾಪೆ ಹಾಸಿಕೊಂಡು ಬಿದ್ದಿರುವುದು ಚೆನ್ನಾಗಿರುವುದಿಲ್ಲ ಎಂದು ನನಗೇ ಅನ್ನಿಸಿತು. ಅತ್ತಿಗೆ ಎರಡು ಪಾತ್ರೆ, ಒಂದು ಕಂಬಳಿ, ಸೇರು ಅಕ್ಕಿ ಕೊಟ್ಟರು. ಅಣ್ಣ ಜೊತೆಗೆ ಬಂದು ಹೊಸ ಮನೆಯ ಒಳಗೆಲ್ಲ ಓಡಾಡಿ, ಸುಣ್ಣ ಚೆನ್ನಾಗಿ ಹಿಡಿದಿದೆ ಎಂದರು. ಹೊರಡುವಾಗ ಬಾಗಿಲನ್ನು ಎಳೆದು ನೋಡಿದರು. ಅದು ಚೌಕಟ್ಟಿಗೆ ತಾಗಿ, ಒಂದು ಕ್ಷಣ ನಿಂತು, ಮತ್ತೆ ಮೆಲ್ಲಗೆ ತೆರೆದುಕೊಂಡು ಗೋಡೆಗೆ ಒರಗಿತು. ನಾಳೆಯೇ ಮೊಟ್ಟೆಮನೆಗೆ ಹೋಗಿ ಮರಿ ಕೇಳು ಎಂದು ಹೇಳಿ ಹೊರಟುಹೋದರು.

ನಮ್ಮೂರಿನ ಬಾಗಿಲುಗಳು ಹಾಗೆಯೇ. ಮನೆಗೆ ತಂದ ಹಾವಿನ ಮರಿ ಮೊದಲ ತುತ್ತು ನುಂಗುವವರೆಗೆ ಬಾಗಿಲು ಮುಚ್ಚಿ ನಿಲ್ಲುವುದಿಲ್ಲ. ಚಿಲಕ ಹಾಕಿದರೆ ಚಿಲಕ ಜಾರುತ್ತದೆ, ಒಳಗಿನಿಂದ ರುಬ್ಬುವ ಕಲ್ಲು ಒತ್ತಿಟ್ಟರೆ ಬೆಳಗಾಗುವುದರೊಳಗೆ ಕಲ್ಲು ಪಕ್ಕಕ್ಕೆ ಸರಿದಿರುತ್ತದೆ. ಸಾಕಿದ ಹಾವು ಮುದಿಯಾಗಿ ಸತ್ತುಹೋದರೂ ಅಷ್ಟೇ, ಮುಂದಿನ ಮರಿ ಬಂದು ತಿನ್ನುವ ತನಕ ಆ ಮನೆ ಬೀದಿಗೆ ತೆರೆದೇ ಇರುತ್ತದೆ. ಅಂಥ ಮನೆಯ ಮುಂದೆ ಹಾಯುವಾಗ ಜನ ತಿರುವಿನಲ್ಲೇ ಒಮ್ಮೆ ಕೆಮ್ಮುತ್ತಾರೆ, ಆಮೇಲೆ ನೆಲ ನೋಡಿಕೊಂಡು ನಡೆಯುತ್ತಾರೆ. ಒಳಗಿರುವವರು ಹಳೆಯ ಸೀರೆಯೊಂದನ್ನು ಅಡ್ಡ ಕಟ್ಟಿಕೊಳ್ಳುತ್ತಾರೆ. ಸಾಮಾನ್ಯವಾಗಿ ಎಂಟು ಹತ್ತು ದಿನದ ಮಾತು ಅದು. ಬಾಗಿಲು ನಿಂತ ದಿನ ಮನೆಯವರು ಪಾಯಸ ಮಾಡಿ ಓಣಿಗೆ ಹಂಚುತ್ತಾರೆ.

ನನಗೆ ಮರಿ ತಂದುಕೊಟ್ಟವರು, ಊರಿಗೆಲ್ಲ ಹಾವಿನ ಮೊಟ್ಟೆ ಮರಿ ಮಾಡಿಸುವ ಮೊಟ್ಟೆಮನೆಯ ಪುಟ್ಟತಾಯಮ್ಮ. ಅವರನ್ನು ಊರಿನವರೆಲ್ಲ ಬಲ್ಲರು. ಹಟ ಮಾಡುವ ಮರಿಗಳಿಗೆ ತಿನ್ನುವುದನ್ನು ಕಲಿಸುವುದು ಅವರ ಕೆಲಸ. ನಲವತ್ತು ದಾಟಿದ ಹೆಂಗಸು, ಎತ್ತರದ ಆಳು, ನಡೆಯುವಾಗ ಸೆರಗನ್ನು ಸೊಂಟಕ್ಕೆ ಬಿಗಿದು ನೇರ ಮುಂದೆ ನೋಡಿಕೊಂಡು ನಡೆಯುವವರು. ಬಿದಿರಿನ ಪುಟ್ಟ ಬುಟ್ಟಿಯ ಮುಚ್ಚಳ ತೆಗೆದು ತೋರಿಸಿದಾಗ ನನಗೆ ಮೊದಲು ಏನೂ ಕಾಣಲಿಲ್ಲ. ಆಮೇಲೆ ತೆಂಗಿನ ಕರಟದ ಅಂಚಿನಲ್ಲಿ ಹುಣಸೆಬೀಜದ ಬಣ್ಣದ ಒಂದು ತಲೆ ಕಂಡಿತು. ಗೇಣುದ್ದದ ಮರಿ, ಇನ್ನೂ ಹುರಿ ಕೊಡದ ನಾರಿನ ಎಳೆಯಷ್ಟು ಸಡಿಲ. ನಾನು ಕತ್ತಾಳೆ ನಾರಿನ ಹಗ್ಗ ಹೊಸೆಯುವವನು, ನನ್ನ ಅಂಗೈ ಮರದ ತೊಗಟೆಯ ಹಾಗಿದೆ. ಮುಟ್ಟಲು ಕೈ ಮುಂದೆ ಮಾಡಿದಾಗ ಅವರು ಬೇಡ ಎಂದರು. ಪೊರೆ ಬಿಡುವವರೆಗೆ ಯಾರೂ ಮುಟ್ಟಬಾರದು, ಬುಟ್ಟಿ ಒಲೆಯ ಹಿಂದಿನ ಬೆಚ್ಚಗಿನ ಮೂಲೆಯಲ್ಲಿರಲಿ, ನೀರು ಮಾತ್ರ ದಿನವೂ ಬದಲಾಯಿಸಿ ಎಂದು ಹೇಳಿ ಹೋದರು.

ಏಳನೆಯ ದಿನ ಮರಿ ಪೊರೆ ಬಿಟ್ಟಿತು. ಈರುಳ್ಳಿಯ ಒಳಸಿಪ್ಪೆಯಂಥ ಆ ಪೊರೆಯನ್ನು ನಾನು ಎತ್ತಿಟ್ಟುಕೊಂಡೆ. ಅಂದು ದೀಪ ಹಚ್ಚುವ ಹೊತ್ತಿಗೆ ಪುಟ್ಟತಾಯಮ್ಮ ಎಲೆಯಲ್ಲಿ ಸುತ್ತಿದ ಇಲಿಮರಿಯೊಂದನ್ನು ತಂದರು. ಇನ್ನೂ ಕಣ್ಣು ಬಿಡದ, ಕೂದಲಿಲ್ಲದ, ಬೆರಳ ತುದಿಯಷ್ಟಿದ್ದ ಇಲಿಮರಿ. ಅದನ್ನು ಕರಟದ ಮುಂದೆ ಇಟ್ಟು, ಗೋಡೆಗೆ ಒರಗಿ ಕೂತು, ನನಗೂ ಕೂರಲು ಕಣ್ಣಲ್ಲೇ ಹೇಳಿದರು. ಹಾವಿನ ಮರಿ ತಿನ್ನಬೇಕಾದರೆ ನೆಲ ಅದುರಬಾರದು, ನೆರಳು ಅಲ್ಲಾಡಬಾರದು. ನಾವಿಬ್ಬರೂ ಅರ್ಧ ತಾಸು ಕದಲದೆ ಕೂತೆವು. ಮರಿ ಇಲಿಯ ಹತ್ತಿರ ಬಂದು, ನಾಲಗೆ ಚಾಚಿ ಮೂಸಿ, ಅದು ಯಾವುದೋ ಬೇಡದ ಕಲ್ಲೆಂಬ ಹಾಗೆ ಅದರ ಮೇಲೇ ಹರಿದು ಆಚೆ ಹೋಯಿತು.

ಮಾರನೆಯ ದಿನವೂ ಹಾಗೇ ಆಯಿತು, ಅದರ ಮಾರನೆಯ ದಿನವೂ. ಅವರು ಇಲಿಮರಿಯನ್ನು ಬಿಸಿನೀರಿನಲ್ಲಿ ಅದ್ದಿ ಬೆಚ್ಚಗೆ ಮಾಡಿ ಇಟ್ಟರು. ಬುಟ್ಟಿ ದೊಡ್ಡದಾಯಿತೇನೋ ಎಂದು ಮರಿಯನ್ನು ಸಣ್ಣ ಮಡಕೆಗೆ ಬದಲಾಯಿಸಿದರು. ಕಪ್ಪೆಮರಿ ತಂದರು, ಕೋಳಿಮರಿಯ ಪುಕ್ಕಕ್ಕೆ ಇಲಿಯನ್ನು ಉಜ್ಜಿ ಇಟ್ಟರು. ಮರಿ ಎಲ್ಲವನ್ನೂ ಮೂಸಿತು, ಯಾವುದನ್ನೂ ಒಲ್ಲೆ ಎಂದಿತು. ಪಕ್ಕದ ಮನೆಯ ನಂಜವ್ವ ಪ್ರತಿದಿನ ಬೆಳಿಗ್ಗೆ ಸೀರೆಯ ಅಡ್ಡದಾಚೆ ನಿಂತು, ಪಾಯಸ ಯಾವಾಗಪ್ಪ ಎಂದು ಕೇಳುತ್ತಿದ್ದಳು. ಅವಳ ಕೋಳಿಯೊಂದು ತೆರೆದ ಬಾಗಿಲಿನಿಂದ ಬಂದು ನನ್ನ ನಾರಿನ ಗುಡ್ಡೆಯ ಮೇಲೆ ಮೊಟ್ಟೆಯಿಡುವುದನ್ನು ರೂಢಿ ಮಾಡಿಕೊಂಡಿತು. ಒಬ್ಬನೇ ಕೂತು ಮುದ್ದೆ ಮುರಿಯುವುದು, ಸುಮ್ಮನೆ ಸೂರು ನೋಡುತ್ತ ಮಲಗುವುದು, ಎಲ್ಲವೂ ಓಣಿಗೆ ಗೊತ್ತಾಗುತ್ತಿತ್ತು. ನನಗೆ ಅದರಿಂದ ಬೇಸರವಾಗಬೇಕಿತ್ತು. ಆಗಲಿಲ್ಲ. ಮಧ್ಯಾಹ್ನ ಕಳೆಯುತ್ತಿದ್ದ ಹಾಗೆ ನನ್ನ ಕಿವಿ ಓಣಿಯ ತಿರುವಿನ ಕಡೆಗೇ ಇರುತ್ತಿತ್ತು. ಪುಟ್ಟತಾಯಮ್ಮ ತಿರುವಿನಲ್ಲಿ ಕೆಮ್ಮುತ್ತಿರಲಿಲ್ಲ. ಅವರ ಕಾಲುಂಗುರ ಕಲ್ಲಿಗೆ ತಾಗುವ ಸದ್ದೇ ಸಾಕಿತ್ತು.

ಕದಲದೆ ಕೂರಬೇಕಾದರೂ ಮೆಲುದನಿಯ ಮಾತಿಗೆ ಅಡ್ಡಿಯಿರಲಿಲ್ಲ. ಹಾವಿಗೆ ಮಾತು ಕೇಳಿಸುವುದಿಲ್ಲ ಎನ್ನುತ್ತಿದ್ದರು. ನಾನು ನನ್ನ ಹೆಂಡತಿಯ ಬಗ್ಗೆ ಹೇಳಿದೆ, ಅವಳು ಹೋದ ವರ್ಷ ನಾನು ಹೊಸೆದ ಹಗ್ಗಗಳೆಲ್ಲ ಹೇಗೆ ಬಿಚ್ಚಿಕೊಂಡುಬಿಡುತ್ತಿದ್ದವು ಎಂಬುದನ್ನು ಹೇಳಿದೆ. ಅದನ್ನು ನಾನು ಅಣ್ಣನಿಗೂ ಹೇಳಿರಲಿಲ್ಲ. ಅವರು ತಮ್ಮ ಗಂಡ ಮರಿಯಪ್ಪನ ಬಗ್ಗೆ ಹೇಳಿದರು. ಮರದ ದಿಮ್ಮಿಗಳ ತೆಪ್ಪದ ಜೊತೆ ಹೊಳೆಯ ಕೆಳಗೆ ಹೋದವನು ಹನ್ನೆರಡು ವರ್ಷವಾದರೂ ಬಂದಿರಲಿಲ್ಲ. ಅವನು ಹೋದ ಮರುವರ್ಷ ಅವರ ಮನೆಯ ಹಾವು ಸತ್ತಿತು. ಅಂದಿನಿಂದ ಆ ಮನೆಯ ಬಾಗಿಲು ತೆರೆದೇ ಇತ್ತು. ಊರಿನ ಮನೆಮನೆಗೂ ಮರಿ ಕೊಟ್ಟವರು ತಮ್ಮ ಮನೆಗೆ ಒಂದನ್ನು ಒಯ್ದಿರಲಿಲ್ಲ. ಇದು ಊರಿಗೆಲ್ಲ ಗೊತ್ತಿದ್ದದ್ದೇ. ಅವನಿಗಾಗಿ ತೆರೆದಿಟ್ಟಿದ್ದಾಳೆ ಎಂದು ಜನ ಗೌರವದಿಂದಲೇ ಹೇಳುತ್ತಿದ್ದರು. ಊರಿಗೆ ಗೊತ್ತಿಲ್ಲದ್ದನ್ನು ಅವರು ಒಂದು ಸಂಜೆ ನನಗೆ ಹೇಳಿದರು. ಮರಿಯಪ್ಪನ ಮುಖ ಅವರಿಗೆ ನೆನಪಿರಲಿಲ್ಲ. ಅವನು ಹೊಸ್ತಿಲ ಹತ್ತಿರ ಒಂದು ಕೈಯನ್ನು ಚೌಕಟ್ಟಿಗೆ ಊರಿ, ಬಗ್ಗದೆ, ಕಾಲಿನಿಂದಲೇ ಕಾಲಿನ ಚಪ್ಪಲಿ ಕಳಚುತ್ತಿದ್ದದ್ದು ಮಾತ್ರ ನೆನಪಿತ್ತು. ಆ ಬೆನ್ನು, ಆ ಕೈ. ನೆನಪಿನಲ್ಲಿ ಅವನು ಇತ್ತ ತಿರುಗಿದರೆ ಮುಖವಿರುತ್ತಿರಲಿಲ್ಲ.

ಹದಿನಾಲ್ಕನೆಯ ದಿನವಿರಬೇಕು, ಇಲಿಯನ್ನು ಮರಳಿ ಎಲೆಯಲ್ಲಿ ಸುತ್ತುತ್ತ ಅವರು ಸೂರಿನ ಕಡೆ ನೋಡಿದರು. "ಮನೇಲಿ ಹಲ್ಲಿ ಐತಾ? ಕೆಲವು ಮರಿಗೆ ಹಲ್ಲಿ ವಾಸನೆನೇ ಬೇಕು. ಇರೋ ಮನೆ ಹಲ್ಲಿನೇ ಆಗ್ಬೇಕು, ಬೇರೆ ಮನೇದು ಆಗೋದಿಲ್ಲ. ಒಂದು ಸಿಕ್ಕಿದ್ರೆ ಇವತ್ತೇ ಮುಗಿದೋಗ್ತದೆ."

ಮುಗಿದುಹೋಗುತ್ತದೆ ಎಂಬ ಮಾತು ನನಗೆ ಎಲ್ಲೋ ತಾಗಿತು. ನಾನು ಯೋಚಿಸಲೂ ಇಲ್ಲ. "ಇಲ್ಲ ತಾಯಮ್ಮ. ಹೊಸದಾಗಿ ಸುಣ್ಣ ಹೊಡೆಸಿದ ಮನೆ, ಒಂದೂ ಇಲ್ಲ" ಎಂದುಬಿಟ್ಟೆ.

ಇದ್ದವು. ತೊಲೆಯ ಸಂದಿಯಲ್ಲಿ ಎರಡು ಹಲ್ಲಿಗಳಿದ್ದವು, ಒಂದು ದಪ್ಪನೆಯದು, ಒಂದು ಬಡಕಲು. ಅಂದಿನಿಂದ ನಾನು ದಿನವೂ ಅವರು ಬರುವ ಮೊದಲು ಪೊರಕೆ ಹಿಡಿದು ಹೆಂಚಿನ ಸಾಲಿಗೆ ಬಡಿದು ಅವನ್ನು ಮೇಲಕ್ಕೆ ಅಟ್ಟುತ್ತಿದ್ದೆ. ನಲವತ್ತೇಳು ವರ್ಷದ ಗಂಡಸು, ಹಲ್ಲಿಯ ಹಿಂದೆ ಪೊರಕೆ ಹಿಡಿದು ಓಡುತ್ತಿದ್ದೆ. ಆಮೇಲೆ ಮುಖ ತೊಳೆದು, ಒಗೆದ ಅಂಗಿ ಹಾಕಿಕೊಂಡು, ಏನೂ ಆಗಿಲ್ಲದವನ ಹಾಗೆ ಕೂರುತ್ತಿದ್ದೆ. ಇನ್ನು ನಾಲ್ಕು ದಿನ, ಇನ್ನು ಎರಡು ದಿನ ಎಂದುಕೊಳ್ಳುತ್ತಿದ್ದೆ. ಮರಿ ಹೇಗೂ ಗಟ್ಟಿಯಾಗಿದೆ, ಹಾವುಗಳು ಎಷ್ಟು ದಿನ ಬೇಕಾದರೂ ಉಪವಾಸವಿರುತ್ತವೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಮರಿ ಗಟ್ಟಿಯಾಗಿರಲಿಲ್ಲ. ತಿಂಗಳು ದಾಟುವಾಗ ಅದರ ಬೆನ್ನಿನ ಮೇಲೆ ಉದ್ದಕ್ಕೂ ಒಂದು ಏಣು ಎದ್ದಿತ್ತು. ಪಕ್ಕದ ಚರ್ಮ ಒಣಗಿದ ಹೀರೇಕಾಯಿಯ ಹಾಗೆ ಮಡಿಚಿಕೊಂಡಿತ್ತು. ಪುಟ್ಟತಾಯಮ್ಮ ಆ ಸಂಜೆ ಇಲಿಮರಿಯನ್ನು ಬೇಗನೆ ಎಲೆಯಲ್ಲಿ ಸುತ್ತಿಕೊಂಡು ಎದ್ದರು. ಹೋಗುವಾಗ ಹೊಸ್ತಿಲಲ್ಲಿ ನಿಂತು, ತಮ್ಮ ಕೈಯಿಂದ ಹೋದ ಮರಿ ಇದುವರೆಗೆ ಒಂದೂ ಸತ್ತಿಲ್ಲ ಎಂದರು. ಅದನ್ನು ಹೆಮ್ಮೆಯಿಂದ ಹೇಳಲಿಲ್ಲ. ನನ್ನ ಮುಖ ನೋಡಿ ಹೇಳಲಿಲ್ಲ ಕೂಡ.

ಮರುದಿನ ಮಧ್ಯಾಹ್ನ ನೀರು ಬದಲಾಯಿಸಲು ಹೋದಾಗ ಮರಿ ಕರಟದ ಹೊರಗೆ ಚೆಲ್ಲಿದ ದಾರದ ಹಾಗೆ ಬಿದ್ದಿತ್ತು. ಮೆಲ್ಲಗೆ ಎತ್ತಿಕೊಂಡೆ. ನನ್ನ ಒರಟು ಅಂಗೈಯಲ್ಲಿ ಅದಕ್ಕೆ ತೂಕವೇ ಇರಲಿಲ್ಲ. ಮುಟ್ಟಿದರೆ ನಾಲಗೆ ಚಾಚಬೇಕಿತ್ತು, ಚಾಚಲಿಲ್ಲ. ಅದರ ಕಣ್ಣು ತೆರೆದೇ ಇತ್ತು, ಹಾವಿನ ಕಣ್ಣು ಯಾವಾಗಲೂ ತೆರೆದೇ ಇರುತ್ತದೆ, ಆದರೂ ಅದು ನನ್ನನ್ನೇ ನೋಡುತ್ತಿದೆ ಎನ್ನಿಸಿತು. ಅದು ತಾನು ಬೇಕೆಂದು ಈ ಮನೆಗೆ ಬಂದಿರಲಿಲ್ಲ. ಒಬ್ಬಳು ಹೆಂಗಸು ಸಂಜೆ ಬಂದು ನನ್ನೆದುರು ಕೂರಲಿ ಎಂದು ನಾನು ಅದನ್ನು ಹಸಿವಿನಲ್ಲಿ ಇಟ್ಟಿದ್ದೆ.

ಏಣಿ ಇರಲಿಲ್ಲ. ಅಕ್ಕಿಯ ಡಬ್ಬದ ಮೇಲೆ ಹತ್ತಿ ತೊಲೆಯ ಸಂದಿಗೆ ಕೈ ಹಾಕಿದೆ. ದಪ್ಪನೆಯದು ತಪ್ಪಿಸಿಕೊಂಡಿತು. ಬಡಕಲು ಹಲ್ಲಿಯನ್ನು ಹಿಡಿದೇ ಬಿಟ್ಟೆ ಎನ್ನುವಾಗ ಅದು ಬಾಲ ಕಳಚಿ ನನ್ನ ಬೆರಳುಗಳಲ್ಲಿ ಬಿಟ್ಟು ಓಡಿತು. ಇಳಿದು ನೋಡಿದರೆ ಬಾಲ ಇನ್ನೂ ಹೊರಳಾಡುತ್ತಿತ್ತು. ಬೇರೇನೂ ತೋಚದೆ ಅದನ್ನೇ ಮರಿಯ ಮೂತಿಯ ಮುಂದೆ ಇಟ್ಟೆ. ಉಸಿರು ಬಿಗಿಹಿಡಿದು, ಅವರು ಹೇಳಿಕೊಟ್ಟ ಹಾಗೆ, ಕದಲದೆ ಕೂತೆ. ಮೊದಲು ನಾಲಗೆ ಬಂತು. ಒಂದು ಸಲ, ಇನ್ನೊಂದು ಸಲ. ಆಮೇಲೆ ತಲೆ ಅಷ್ಟೇ ಅಷ್ಟು ಎದ್ದು, ಹಿಂದಕ್ಕೆ ಸರಿದು, ನಾನು ಕಣ್ಣು ಮಿಟುಕಿಸುವುದರೊಳಗೆ ಬಾಲ ಅದರ ಬಾಯಲ್ಲಿತ್ತು. ನುಂಗಲು ಬಹಳ ಹೊತ್ತು ಹಿಡಿಯಿತು. ದವಡೆ ಆ ಕಡೆ ಈ ಕಡೆ ಹೊರಳುತ್ತ ಬಾಲ ಒಳಗೆ ಹೋಗುತ್ತಿದ್ದುದನ್ನು ನೋಡುತ್ತ ನಾನು ಅತ್ತೆನೆಂದು ಕಾಣುತ್ತದೆ. ಗಲ್ಲ ಒದ್ದೆಯಾದದ್ದು ಆಮೇಲೆ ಗೊತ್ತಾಯಿತು.

ಬಾಗಿಲು ಮುಚ್ಚಿಕೊಂಡಿತು. ಸದ್ದಿಲ್ಲದೆ, ಅಷ್ಟು ದಿನ ತೆರೆದದ್ದೇ ತನಗೆ ಮರೆತುಹೋದ ಹಾಗೆ. ನಡುಮಧ್ಯಾಹ್ನವೇ ಮನೆಯೊಳಗೆ ಕತ್ತಲಾಯಿತು. ಓಣಿಯ ಸದ್ದೆಲ್ಲ ದೂರ ಹೋಯಿತು. ಹೊರಗಿನಿಂದ ನಂಜವ್ವ ಬಾಗಿಲು ನಿಂತಿತಲ್ಲಪ್ಪ ಎಂದು ಸಂತೋಷದಿಂದ ಕೂಗಿದ್ದು ಕೇಳಿಸಿತು. ನಾನು ದೀಪ ಹಚ್ಚಲಿಲ್ಲ. ಒಂಟಿತನ ಎಂದರೆ ಏನೆಂದು ಒಂಬತ್ತು ವರ್ಷದಲ್ಲಿ ಗೊತ್ತಾಗದಿದ್ದದ್ದು ಆ ಒಂದು ತಾಸಿನಲ್ಲಿ ಗೊತ್ತಾಯಿತು.

ಬಾಗಿಲು ನಿಂತ ಮನೆಗೆ ಮೊಟ್ಟೆಮನೆಯವರು ಬರುವುದಿಲ್ಲ. ತಿರುವಿನಲ್ಲೇ ನೋಡಿಕೊಂಡು, ಕೆಲಸ ಮುಗಿಯಿತೆಂದು ಹಿಂದಿರುಗುತ್ತಾರೆ. ಆದ್ದರಿಂದ ನಾನು ಸಂಜೆ ಜಗಲಿಯ ಮೇಲೆ ಕೂತು ಕಾದೆ. ಪುಟ್ಟತಾಯಮ್ಮ ತಿರುವಿಗೆ ಬಂದರು. ಬಾಗಿಲನ್ನು ನೋಡಿ ನಿಂತರು. ದೂರದಿಂದಲೇ ಅವರ ಭುಜಗಳು ಇಳಿದದ್ದು ಕಂಡಿತು. ಅದು ನೆಮ್ಮದಿಯೋ ಬೇರೆ ಏನೋ ಹೇಳಲಾರೆ. ನನ್ನ ಕಡೆ ಒಮ್ಮೆ ತಲೆಯಾಡಿಸಿ ತಿರುಗಿದರು. ನಾನು ಓಡಿದೆ. ಕುಂಬಾರರ ಆವಿಗೆಯ ಗೋಡೆಯ ಹತ್ತಿರ ಅವರನ್ನು ಹಿಡಿದು ನಿಲ್ಲಿಸಿ, ಏದುಸಿರಿನಲ್ಲೇ, ಮನೆಯಲ್ಲಿ ಹಲ್ಲಿ ಇದ್ದವು, ನಾನು ಸುಳ್ಳು ಹೇಳಿದೆ ಎಂದೆ.

ಅವರು ಆವಿಗೆಯ ಹೊಗೆಯ ಕಡೆ ತಿರುಗಿದರು. "ನಂಗೊತ್ತಿತ್ತು, ಭದ್ರಯ್ಯನೋರೇ. ನೀವು ಇಲ್ಲ ಅಂದ ದಿನಾನೇ ತೊಲೆ ಮೇಲೆ ಲೊಚಗುಟ್ತು. ನಾನು ಕೇಳಿಸ್ಲೇ ಇಲ್ಲ ಅನ್ನೋ ಹಂಗೆ ಕೂತಿದ್ದೆ."

ನನಗೆ ಹಿಗ್ಗಾಯಿತು. ಅದು ಅವರ ಮುಖ ನೋಡುವ ತನಕ ಮಾತ್ರ. ಆ ಮುಖದಲ್ಲಿ ನಾಚಿಕೆಯೂ ಸಿಟ್ಟೂ ಒಟ್ಟಿಗೇ ಇದ್ದವು, ಮತ್ತು ಸಿಟ್ಟು ನನ್ನ ಮೇಲಿನದಾಗಿರಲಿಲ್ಲ. "ಒಂದು ಜೀವ ಹಸ್ಕೊಂಡು ಬಿದ್ದಿತ್ತು. ಅದರ ಮುಂದೆ ಕೂತ್ಕೊಂಡು ನಾವಿಬ್ರೂ ನಮ್ಮ ನಮ್ಮ ಕಥೆ ಹೇಳ್ಕೊಂಡ್ವಿ" ಎಂದರು. ಹೇಳಿ ಹೊರಟುಹೋದರು. ಕಾಲುಂಗುರದ ಸದ್ದು ಕುಂಬಾರರ ಓಣಿ ದಾಟಿ ಹೋಗುವವರೆಗೂ ನಾನು ಅಲ್ಲೇ ನಿಂತಿದ್ದೆ.

ಪಾಯಸ ಮಾಡಿ ಹಂಚಿದೆ. ಸಿಹಿ ಕಡಿಮೆ ಎಂದು ನಂಜವ್ವ ಹೇಳಿದಳು. ಮರಿ ಆಮೇಲೆ ಹಟ ಮಾಡಲಿಲ್ಲ. ಎರಡನೆಯ ಸಲ ದಪ್ಪನೆಯ ಹಲ್ಲಿಯ ಬಾಲ ಉಜ್ಜಿದ ಇಲಿಮರಿಯನ್ನು ತಿಂದಿತು, ಮೂರನೆಯ ಸಲ ಬರೀ ಇಲಿಯನ್ನೇ ತಿಂದಿತು. ವಾರಕ್ಕೊಮ್ಮೆ ನಾನು ಇಲಿಮರಿ ತರಲು ಮೊಟ್ಟೆಮನೆಗೆ ಹೋಗುತ್ತಿದ್ದೆ. ಮುಂಬಾಗಿಲಿನಲ್ಲಿ ಯಾರೋ ಮುದುಕರು ಎಲೆಯ ಪೊಟ್ಟಣ ಕೊಡುತ್ತಿದ್ದರು. ಒಳಗೆ ಮೊಟ್ಟೆ ಹೂಳುವ ಮರಳನ್ನು ಜರಡಿ ಹಿಡಿಯುವ ಸದ್ದಿನ ನಡುವೆ ಪುಟ್ಟತಾಯಮ್ಮನ ದನಿ ಕೇಳಿಸುತ್ತಿತ್ತು, ಯಾರಿಗೋ ಏನೋ ಹೇಳಿಕೊಡುತ್ತಿದ್ದ ದನಿ. ಅವರು ಒಮ್ಮೆಯೂ ಹೊರಗೆ ಬರಲಿಲ್ಲ. ನಾನು ಪೊಟ್ಟಣ ಹಿಡಿದು ಬೇಕೆಂದೇ ನಿಧಾನವಾಗಿ ಮೆಟ್ಟಿಲಿಳಿಯುತ್ತಿದ್ದೆ. ಮನೆಯಲ್ಲಿ ಮುಚ್ಚಿದ ಬಾಗಿಲ ಹಿಂದೆ ಕೂತು ಹಗ್ಗ ಹೊಸೆಯುವಾಗ, ದೀಪ ಹಚ್ಚುವ ಹೊತ್ತಿಗೆ ಕೈ ತಾನಾಗಿ ನಿಲ್ಲುತ್ತಿತ್ತು. ಮರಿ ಬೆಳೆದು ಮೊಳದುದ್ದವಾಯಿತು, ಎರಡನೆಯ ಪೊರೆ ಬಿಟ್ಟಿತು. ಅದನ್ನು ಯಾರಿಗೆ ತೋರಿಸಲಿ?

ಸಂಕ್ರಾಂತಿ ಕಳೆದ ಮೇಲೆ ನಂಜವ್ವ ಸುದ್ದಿ ತಂದಳು. ಪುಟ್ಟತಾಯಮ್ಮ ತಮ್ಮ ಮನೆಗೊಂದು ಮರಿ ಒಯ್ದಿದ್ದರು. ಊರು ನಂಬಲಿಲ್ಲ. ಆ ಬೀದಿಯಲ್ಲಿ ಕೆಲಸವಿಲ್ಲದವರೂ ಅತ್ತ ಕಡೆ ಹಾಯ್ದು ಬಂದರು. ಆದರೆ ಮರಿ ತಿನ್ನುತ್ತಿಲ್ಲವಂತೆ. ಹತ್ತು ದಿನವಾಯಿತು, ಇಪ್ಪತ್ತಾಯಿತು. ಮೊಟ್ಟೆಮನೆಯಿಂದ ಸಹಾಯಕ್ಕೆ ಹೋದವರನ್ನು ಅವರು ಹಿಂದಕ್ಕೆ ಕಳಿಸಿದರಂತೆ. ಅವಳಿಗೇ ಮನಸ್ಸಿಲ್ಲ, ಮನಸ್ಸಿಲ್ಲದ ಮನೆಯಲ್ಲಿ ಯಾವ ಮರಿ ತಿನ್ನುತ್ತದೆ ಎಂದು ನಂಜವ್ವ ಹೇಳಿದಳು.

ನಾನು ಹೋದೆ. ಹೋಗದೆ ಇರಲಾಗಲಿಲ್ಲ. ಬಡಗಿಗಳ ಬೀದಿಯಲ್ಲಿ ಅವರದು ಮೂರನೆಯ ಮನೆ. ಹನ್ನೊಂದು ವರ್ಷ ಗೋಡೆಗೆ ಒರಗಿ ನಿಂತ ಬಾಗಿಲಿನ ಹಿಂದೆ ಜೇಡರ ಬಲೆ ಹಾಸು ಹಾಸಾಗಿತ್ತು. ಅಡ್ಡ ಸೀರೆ ಇರಲಿಲ್ಲ. ಪುಟ್ಟತಾಯಮ್ಮ ಬೀದಿಗೆ ಬೆನ್ನು ಮಾಡಿ, ಬುಟ್ಟಿಯ ಮುಂದೆ ಕದಲದೆ ಕೂತಿದ್ದರು. ನನ್ನ ನೆರಳು ಒಳಗೆ ಬೀಳದ ಹಾಗೆ ಆಚೆ ನಿಂತು ನೋಡಿದೆ. ಕೆಮ್ಮಲಿಲ್ಲ. ಮರುದಿನವೂ ಹೋದೆ, ಅದರ ಮರುದಿನವೂ. ನಾಲ್ಕನೆಯ ಸಂಜೆ ಅವರು ತಿರುಗಿ ನೋಡದೆಯೇ ಮಾತಾಡಿದರು.

"ಒಳಗೆ ಬರ್ಬೇಡಿ, ಭದ್ರಯ್ಯನೋರೇ. ನೀವು ಬಂದು ಕೂತ್ರೆ, ಇದು ತಿನ್ನದೇ ಇರ್ಲಿ ಅಂತ ಅನ್ನಿಸ್ತದೆ ನನಗೆ."

ನಾನು ಆಚೆಯಿಂದಲೇ, ನಿಮ್ಮನೇಲಿ ಹಲ್ಲಿ ಇದೆಯಾ ಎಂದು ಕೇಳಿದೆ. ಇದೆ ಎಂದರು. ಒಂದಲ್ಲ, ಐದಾರು ಇವೆ, ನಾಳೆ ಹಿಡಿಯುತ್ತೇನೆ, ನನ್ನ ಕೈಯಿಂದಲೇ ಹಿಡಿಯಬೇಕು ಎಂದರು. ಅವರ ಬೆನ್ನು ನನ್ನ ಕಡೆಗೇ ಇತ್ತು. ಆದರೆ ನೆಲಕ್ಕೆ ಊರಿದ್ದ ಬಲಗೈ ಮುಷ್ಟಿ ಕಟ್ಟಿತ್ತು. ಆ ಮನೆಯನ್ನು ಮುಚ್ಚುವುದೆಂದರೆ ಅವರು ಯಾರನ್ನು ಹೊರಗೆ ಬಿಡುತ್ತಿದ್ದರೆಂದು ನನಗೆ ಗೊತ್ತಿತ್ತು. ಅಲ್ಲಿ ನನ್ನ ಕೆಲಸವಿರಲಿಲ್ಲ. ನಾನು ಹಿಂದಿರುಗಿದೆ.

ಒಂಬತ್ತು ದಿನ ಆ ಬೀದಿಗೆ ಹೋಗಲಿಲ್ಲ. ನಂಜವ್ವ ಏನಾದರೂ ಸುದ್ದಿ ತಂದಾಳೆಂದು ಅವಳ ಕೋಳಿಗೆ ಕೂಡ ನುಚ್ಚು ಹಾಕಿ ಕರೆದೆ. ಅವಳು ಮಗಳ ಊರಿಗೆ ಹೋಗಿದ್ದಳು. ಹತ್ತನೆಯ ದಿನ ಬೆಳಿಗ್ಗೆಯೇ ಅಂಗಿ ಹಾಕಿಕೊಂಡು ಹೊರಟೆ. ಬಡಗಿಗಳ ಬೀದಿಯಲ್ಲಿ ಉಳಿಯ ಸದ್ದು ಆಗ ತಾನೆ ಶುರುವಾಗಿತ್ತು. ಮೂರನೆಯ ಮನೆಯ ಬಾಗಿಲು ಮುಚ್ಚಿತ್ತು. ಇಷ್ಟು ವರ್ಷ ಮನೆಯೊಳಕ್ಕೆ ಮುಖ ಮಾಡಿದ್ದ ಹೊರಮೈಯ ಕೆತ್ತನೆಯನ್ನು ನಾನು ಅಂದೇ ಮೊದಲು ನೋಡಿದ್ದು. ಎರಡು ಗಿಳಿಗಳು, ನಡುವೆ ಒಂದು ಬಳ್ಳಿ. ಯಾರೋ ಅದರ ಮೇಲಿನ ಬಲೆಯನ್ನೆಲ್ಲ ಒರೆಸಿ, ಎಣ್ಣೆ ಹಚ್ಚಿದ್ದರು. ಎಣ್ಣೆ ಇನ್ನೂ ಹಸಿಯಾಗಿತ್ತು. ಪಕ್ಕದ ಮನೆಯ ಬಡಗಿ ಉಳಿ ನಿಲ್ಲಿಸಿ, ಪಾಯಸ ನಿನ್ನೆಯೇ ಕೊಟ್ಟರು ಎಂದ.

ನಾನು ಮೆಟ್ಟಿಲು ಹತ್ತಿ ನಿಂತೆ. ಇಷ್ಟು ವರ್ಷದಲ್ಲಿ ಯಾರೂ ಆ ಮನೆಯ ಬಾಗಿಲು ತಟ್ಟಿರಲಿಲ್ಲ, ತಟ್ಟುವ ಅಗತ್ಯವೇ ಬಿದ್ದಿರಲಿಲ್ಲ. ಬಂದವರು ಕಂಡುಬಿಡುತ್ತಿದ್ದರು, ಬಾರದವನೂ ಕಂಡುಬಿಡುತ್ತಿದ್ದ. ಕೈ ಎತ್ತಿ ಎರಡು ಸಲ ತಟ್ಟಿದೆ. ಒಳಗೆ ಪಾತ್ರೆಯೊಂದನ್ನು ನೆಲಕ್ಕೆ ಇಟ್ಟ ಸದ್ದಾಯಿತು. ಆಮೇಲೆ, ಆ ಮಾತನ್ನು ಆಡಿ ಅಭ್ಯಾಸ ತಪ್ಪಿದವರ ದನಿಯಲ್ಲಿ, ಯಾರು ಎಂದು ಕೇಳಿದರು.

ನನ್ನ ಹೆಸರು ಹೇಳಿದೆ. ಹೇಳಿ, ಅಲ್ಲೇ ನಿಂತೆ.